ಪರದೆಯ ಮೇಲಿನ ವಚನ ಕಡೆಯ ಸಾಲಿಗೂ ಕಾಣಲಿ

ಶ್ರಾವಣ ಮಾಸ ಬಂದಿತೆಂದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಮಠಗಳಲ್ಲಿ ಸಂಜೆಯ ಪ್ರವಚನಗಳು ನಡೆಯುತ್ತವೆ. ಈಚೆಗೆ ನಮ್ಮ ತರುಣರು ಪ್ರವಚನಕ್ಕೆ ಹೊಂದುವ ವಚನಗಳನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಿ ಪ್ರೊಜೆಕ್ಟರಿನ ಮೂಲಕ ಪರದೆಯ ಮೇಲೆ ಮೂಡಿಸುವುದುಂಟು. ಈ ಉತ್ಸಾಹ ಅಭಿನಂದನೀಯವೇ ಸರಿ. ಅಂತಹದೊಂದು ಸಂಜೆ ನಾವು ಹಿಂದಿನ ಸಾಲಿನಲ್ಲಿ ಕುಳಿತಿದ್ದೆವು. ಅಂದಿನ ವಿಷಯ ಅಂಬಿಗರ ಚೌಡಯ್ಯನವರ ವಚನಗಳು. ಚೌಡಯ್ಯದಾನಪುರದ ಬಳಿ ಹರಿಯುವ ತುಂಗಭದ್ರೆಯ ಚಿತ್ರವನ್ನು ಹಿನ್ನೆಲೆಗಿಟ್ಟು, ಅದರ ಮೇಲೆ ಹಳದಿ ಅಕ್ಷರಗಳಲ್ಲಿ ಮೂರು ವಚನಗಳನ್ನು ಒತ್ತೊತ್ತಾಗಿ ತುಂಬಿದ್ದರು. ಅಂಬಿಗರಿದ್ದೂ ಅಕ್ಷರಗಳು ಹೊಳೆಯ ಪಾಲಾದವು! ಪಕ್ಕದಲ್ಲಿದ್ದ ವೃದ್ಧ ತಾಯಿಯೊಬ್ಬರು, "ಅಲ್ಲೇನ್ ಬರದಾರೋ ಯಪ್ಪಾ, ಒಂದೀಟ ಓದಿ ಹೇಳು" ಎಂದರು. ಓದಲಾರದೆ ನಾವು ತಲೆ ತಗ್ಗಿಸಿದೆವು.

ಹಾಳೆಯನ್ನು ಓದುಗರು ಕಣ್ಣಿನ ಹತ್ತಿರಕ್ಕೆ ತಂದುಕೊಳ್ಳಬಲ್ಲರು. ಪರದೆ ಇದ್ದಲ್ಲೇ ಇರುತ್ತದೆ. ಆದ್ದರಿಂದ ಒಂದು ಸ್ಲೈಡಿಗೆ ಒಂದೇ ವಚನ. ದೀರ್ಘವಾದರೆ ಎರಡು ಸ್ಲೈಡು. ಸಾಲು ಒಡೆಯಲು ಅಂಜಬೇಕಿಲ್ಲ. ತಾಳೆಗರಿಗಳಲ್ಲಿ ವಚನಗಳನ್ನು ಒಂದೇ ಸಮನೆ ಬರೆದುಕೊಂಡು ಹೋಗುತ್ತಿದ್ದರು. ಇಂದು ಅಚ್ಚಿನಲ್ಲಿ ಕಾಣುವ ಸಾಲುಗಳು ಸಂಪಾದಕರು ಅರ್ಥವನ್ನೂ ಲಯವನ್ನೂ ನೋಡಿ ಒಡೆದವು. ಉಸಿರು ನಿಲ್ಲುವಲ್ಲಿ ಸಾಲು ನಿಲ್ಲಲಿ, ಅಂಕಿತಕ್ಕೆ ಅದರದೇ ಸಾಲು ಸಿಗಲಿ.

ಕನ್ನಡಕ್ಕೆ ವಿಶೇಷವಾದ ತೊಡಕೊಂದುಂಟು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ, ಗುಡಿಸುಗಳು ಮೇಲೇರುತ್ತವೆ. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ಇವೆರಡೂ ಒಂದಕ್ಕೊಂದು ತಾಗಿ, 'ಸ್ವಾಮಿ' ಎಂಬ ಪದದ ವತ್ತು ಕೆಳಗಿನ ಸಾಲಿನ ನೆತ್ತಿಯ ಮೇಲೆ ಕೂರುತ್ತದೆ. ಒಂದೂವರೆ ಪಟ್ಟು ಅಂತರ ಕೊಟ್ಟರೆ ಓದು ಸರಾಗ. ಅಕ್ಷರದ ಅಳತೆ 36ಕ್ಕಿಂತ ಕೆಳಗಿಳಿಯದಿರಲಿ. ಸಭೆ ದೊಡ್ಡದಾದರೆ ಅಕ್ಷರವೂ ಹಿಗ್ಗಬೇಕು. ಬಳ್ಳಿಬಳುಕಿನ ಅಲಂಕಾರದ ಲಿಪಿಗಳು ಲಗ್ನಪತ್ರಿಕೆಗೇ ಇರಲಿ. ಬಿಳಿಯ ಮೇಲೆ ಕಪ್ಪು, ಇಲ್ಲವೇ ಕಡುನೀಲಿಯ ಮೇಲೆ ಬಿಳಿ. ಹೊಳೆಯ ಚಿತ್ರ ಬೇಕೆಂದರೆ ಅದಕ್ಕೆ ಬೇರೊಂದು ಸ್ಲೈಡಾಗಲಿ.

ಹಳೆಯ ನುಡಿ ಲಿಪಿಯಲ್ಲಿ ಮನೆಯಲ್ಲಿ ಬೆರಳಚ್ಚು ಮಾಡಿದ್ದು, ಆ ಲಿಪಿಯಿಲ್ಲದ ಬೇರೆ ಗಣಕಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತದೆ. ಯುನಿಕೋಡಿನಲ್ಲಿ ಬರೆದರೆ ಈ ಪೀಡೆಯಿಲ್ಲ.

ಪ್ರವಚನ ಮುಗಿದ ಮೇಲೆ ತರುಣರಿಗೆ ಇಷ್ಟನ್ನು ಹೇಳಿದೆವು. ಅವರು ಬೇಸರಿಸಲಿಲ್ಲ. ಮರುದಿನ ಸಭೆ ಸೇರುವ ಮೊದಲೇ ಒಬ್ಬ ಹುಡುಗ ಕಡೆಯ ಕಂಬದ ಬಳಿ ನಿಂತು ಎಲ್ಲವನ್ನೂ ಓದಿ ನೋಡಿದ. ಎರಡು ಸ್ಲೈಡುಗಳನ್ನು ಮತ್ತೆ ತಿದ್ದಿಸಿದ. ಅಂದು ಸಂಜೆ ಗವಾಯಿಗಳು ಹಾಡುವ ಮುನ್ನವೇ ಆ ತಾಯಿ ಮೆಲುದನಿಯಲ್ಲಿ ಅಂಕಿತದವರೆಗೂ ತಾವೇ ಓದಿದರು.