ಮಾಲೇಗಾಂವ್‌ನ ಸೂಪರ್‌ಮ್ಯಾನ್, ರಬಕವಿಯ ಭೀಮ

ಪುಣೆಯಲ್ಲಿ ನನ್ನದು ಸಾಫ್ಟ್‌ವೇರ್ ಕೆಲಸ. ಆಫೀಸಿನ ಕೆಲಸಕ್ಕೆಂದು ಒಮ್ಮೆ ಧುಳೆಗೆ ಹೊರಟಿದ್ದೆ. ನಾಸಿಕ್ ದಾಟಿ ಮುಂಬೈ–ಆಗ್ರಾ ಹೆದ್ದಾರಿ ಹಿಡಿದ ಬಸ್ಸು ಮಾಲೇಗಾಂವ್‌ನಲ್ಲಿ ಚಹಾಕ್ಕೆ ನಿಂತಿತು. ಇಳಿದರೆ ಹಿಂದಿನ ಗಲ್ಲಿಯಿಂದ ಖಟಾಖಟ್ ಖಟಾಖಟ್ ಸದ್ದು. ವಿದ್ಯುತ್ ಮಗ್ಗ! ರಬಕವಿಯಲ್ಲಿ ಹುಟ್ಟಿದವನಿಗೆ ಆ ಸದ್ದೇ ಜೋಗುಳ. ಒಂದರೆಗಳಿಗೆ ಊರಿಗೇ ಬಂದಿಳಿದೆನೇನೋ ಅನ್ನಿಸಿತು.

ಜೊತೆಗಿದ್ದ ಮರಾಠಿ ಸಹೋದ್ಯೋಗಿ, ‘ಈ ಊರಿನ ಸೂಪರ್‌ಮ್ಯಾನ್ ಗೊತ್ತಾ?’ ಎಂದು ನಕ್ಕ. ಗೊತ್ತಿರಲಿಲ್ಲ. ಅವತ್ತು ರಾತ್ರಿ ಧುಳೆಯ ಲಾಡ್ಜಿನಲ್ಲಿ ಮೊಬೈಲಿನಲ್ಲೇ ‘ಸೂಪರ್‌ಮೆನ್ ಆಫ್ ಮಾಲೇಗಾಂವ್’ ನೋಡಿದೆ. ಫೈಜಾ ಅಹ್ಮದ್ ಖಾನ್ 2008ರಲ್ಲಿ ಮಾಡಿದ ಸಾಕ್ಷ್ಯಚಿತ್ರ.

ಮಾಲೇಗಾಂವ್‌ನಲ್ಲಿ ಶುಕ್ರವಾರ ಮಗ್ಗಗಳಿಗೆ ರಜೆ. ಅವತ್ತು ಕೂಲಿಕಾರರಿಗೆಲ್ಲ ಸಿನಿಮಾ ಹಬ್ಬ. ಅಲ್ಲಿ ವಿಡಿಯೊ ಪಾರ್ಲರ್ ನಡೆಸುತ್ತಿದ್ದ, ಮದುವೆಗಳ ವಿಡಿಯೊ ತೆಗೆಯುತ್ತಿದ್ದ ಶೇಖ್ ನಾಸಿರ್‌ಗೆ, ‘ನಾವೇ ಯಾಕೆ ಸಿನಿಮಾ ಮಾಡಬಾರದು?’ ಅನ್ನಿಸಿತು. 2000ದಲ್ಲಿ ಸುಮಾರು 50 ಸಾವಿರ ರೂಪಾಯಿಯಲ್ಲಿ ‘ಮಾಲೇಗಾಂವ್ ಕೆ ಶೋಲೆ’ ತಯಾರಾಯಿತು. ಟ್ರಾಲಿಗೆ ಬದಲು ಸೈಕಲ್, ಕ್ರೇನಿಗೆ ಬದಲು ಎತ್ತಿನಗಾಡಿ. ಊರಿಗೆ ಊರೇ ಮುಗಿಬಿದ್ದು ನೋಡಿತು. ಮುಂದೆ ನಾಸಿರ್ ಸೂಪರ್‌ಮ್ಯಾನ್‌ಗೂ ಕೈ ಹಾಕಿದ.

ಸೂಪರ್‌ಮ್ಯಾನ್ ಯಾರು ಅಂತೀರಿ? ಶಫೀಕ್ ಎಂಬ ಮಗ್ಗದ ಕೂಲಿಕಾರ. ಊದಿದರೆ ಹಾರಿಹೋಗುವಂಥ ಬಡಕಲು ದೇಹ. ಮೇಲೆ ಹಾಕಿದ ಚಡ್ಡಿಯ ಲಾಡಿ ಹೊರಗೇ ಜೋತಾಡುತ್ತಿರುತ್ತದೆ. ಊರಿನ ಧೂಳಿಗೆ ಈ ಸೂಪರ್‌ಮ್ಯಾನ್‌ಗೆ ಉಬ್ಬಸ ಬೇರೆ! ಅವನ ಹೋರಾಟ ಹೊಲಸು ಮತ್ತು ತಂಬಾಕಿನ ವಿರುದ್ಧ. ಹಸಿರು ಬಟ್ಟೆ ಕಟ್ಟಿ, ಅದರ ಮುಂದೆ ಅವನನ್ನು ‘ಹಾರಿಸುತ್ತಾರೆ’. ನಡುವೆ ಇದ್ದೊಂದು ಕ್ಯಾಮೆರಾ ನೀರಿಗೆ ಬೀಳುತ್ತದೆ. ಇನ್ನೂ ಶೂಟಿಂಗ್ ಮುಗಿದಿರುವುದಿಲ್ಲ, ಶಫೀಕನ ಮದುವೆ ಬರುತ್ತದೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ನಕ್ಕು ಮುಗಿದ ಮೇಲೆ ನಿದ್ದೆ ಹತ್ತಲಿಲ್ಲ. ಅಪ್ಪ ನೆನಪಾದರು.

ಅಪ್ಪನೂ ಮಗ್ಗದ ಕೂಲಿ. ಜಾತ್ರೆಯ ಬಯಲಾಟದಲ್ಲಿ ಪ್ರತಿ ವರ್ಷ ಅವರದೇ ಭೀಮನ ಪಾತ್ರ. ಭೀಮ ಅನ್ನುವುದಕ್ಕೆ ಮೈಯಲ್ಲಿ ಒಂದು ಸೇರು ಮಾಂಸವಿರಲಿಲ್ಲ. ಹೊಟ್ಟೆಗೆ ಸೀರೆ ಸುತ್ತಿ ದಪ್ಪ ಮಾಡಿಕೊಳ್ಳುತ್ತಿದ್ದರು. ರಟ್ಟಿನ ಗದೆಗೆ ಬೆಳ್ಳಿ ಹಾಳೆ ಅಂಟಿಸುವ ಕೆಲಸ ನನ್ನದು. ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ, ಆಟದ ನಡುವೆ ಆ ಸೀರೆ ಬಿಚ್ಚಿಕೊಂಡಿತು. ಗೆಳೆಯರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಅವರ ಮಗನಲ್ಲ ಎಂಬಂತೆ. ಮರುವರ್ಷ ಪರೀಕ್ಷೆಯ ನೆಪ ಹೇಳಿ ಜಾತ್ರೆಗೆ ಹೋಗಲಿಲ್ಲ. ಗದೆಗೆ ಹಾಳೆಯನ್ನೂ ಅಂಟಿಸಲಿಲ್ಲ. ಆಮೇಲೆ ಹುಬ್ಬಳ್ಳಿ, ಬೆಂಗಳೂರು, ಪುಣೆ. ಆ ಮಾತು ಅಪ್ಪನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಶಫೀಕ್ 2011ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಪರದೆಯ ಮೇಲೆ ತಂಬಾಕಿನ ವಿರುದ್ಧ ಹೋರಾಡಿದವನು! ಸಾಯುವ ಮುನ್ನ ಊರಿನಲ್ಲಿ ಅವನಿಗಾಗಿ ಪ್ರದರ್ಶನ ಏರ್ಪಡಿಸಿದರು. ತಾನು ಹಾರುವುದನ್ನು ಅವನು ಕಣ್ತುಂಬ ನೋಡಿ ಹೋದ. 2025ರ ಫೆಬ್ರುವರಿಯಲ್ಲಿ ಇದೇ ಕಥೆ ರೀಮಾ ಕಾಗ್ತಿ ಅವರ ‘ಸೂಪರ್‌ಬಾಯ್ಸ್ ಆಫ್ ಮಾಲೇಗಾಂವ್’ ಆಗಿ ದೊಡ್ಡ ಪರದೆಗೆ ಬಂತು. ಶಶಾಂಕ್ ಅರೋರಾ ಶಫೀಕನಾಗಿದ್ದಾರೆ. ಚೆನ್ನಾಗಿದೆ. ಆದರೂ ನನಗೆ ಲಾಡಿ ಜೋತಾಡುವ ಆ ಅಸಲಿ ಶಫೀಕನೇ ಹೆಚ್ಚು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಸಾಕ್ಷ್ಯಚಿತ್ರ ತೋರಿಸಿದೆ. ಹಿಂದಿ ಅವರಿಗೆ ಅಷ್ಟಕ್ಕಷ್ಟೆ. ನಾನು ನಕ್ಕಲ್ಲೆಲ್ಲ ಅವರು ನಗಲಿಲ್ಲ. ಶಫೀಕ್ ಹಾರುವ ದೃಶ್ಯ ಬಂದಾಗ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, ‘ರಾತ್ರಿ ಪಾಳಿ ಮುಗಿಸಿ ಬಂದಾನ ಈ ಹುಡುಗ. ಕಣ್ಣು ನೋಡು, ನಿದ್ದಿ ಇಲ್ಲ’ ಅಂದರು.

ಎರಡು ಸಲ ನೋಡಿದ್ದ ನನಗೆ ಅದು ಕಂಡಿರಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವತ್ತು ನಿಮ್ಮ ಸೀರಿ ಬಿಚ್ಚಿದಾಗ ನಾನೂ ನಕ್ಕಿದ್ದೆ’ ಅಂದೆ. ಅಪ್ಪ ಮೊಬೈಲಿನಿಂದ ಕಣ್ಣು ತೆಗೆಯದೆ, ‘ನೋಡಿದ್ದೆ. ಮುಂದಿನ ಸಾಲಿನಾಗ ಕುಂತಿದ್ದಿ’ ಅಂದರು. ಆಮೇಲೆ, ‘ಮಂದಿ ನಗಲಿ ಬಿಡೋ. ಬೆಳಗಿನ ಮಟ ಯಾರೂ ಎದ್ದು ಹೋಗಲಿಲ್ಲ’ ಅಂದರು.

ಗದೆ ಈಗಲೂ ಅಟ್ಟದ ಮೇಲಿದೆ. ರಟ್ಟು ಮೆತ್ತಗಾಗಿದೆ, ಹಾಳೆ ಪೂರ್ತಿ ಉದುರಿದೆ. ಈ ಸಲದ ಜಾತ್ರೆಗೆ ನಾಲ್ಕು ದಿನ ರಜೆ ಹಾಕಿದ್ದೇನೆ. ಅಪ್ಪನಿಗೆ ಈಗ ಮೊಣಕಾಲು ನೋವು. ಭೀಮನ ಪಾತ್ರ ಓಣಿಯ ಹುಡುಗನೊಬ್ಬನಿಗೆ ಹೋಗಿದೆ. ಅವನೂ ಬಡಕಲೇ ಅಂತೆ. ಪುಣೆಯಿಂದ ಬೆಳ್ಳಿ ಹಾಳೆ ಒಯ್ಯುತ್ತಿದ್ದೇನೆ.