ಬೇಕರಿ ಚೆರಿಯ ಪೂರ್ವಾಶ್ರಮ

ಬನ್ನಿನ ನೆತ್ತಿಯ ಮೇಲೆ ಕೆಂಪಗೆ ಹೊಳೆಯುತ್ತಾ ಕೂತಿರುತ್ತದಲ್ಲ ಚೆರಿ, ಅದು ಕಾಶ್ಮೀರದಿಂದ ಬರುತ್ತದೆಂದೇ ನಾನು ಬಹಳ ಕಾಲ ನಂಬಿದ್ದೆ. ನಮ್ಮ ಬೇಕರಿಗಳಲ್ಲಿ ಆ ಹೆಸರಿನಲ್ಲಿ ಸಿಗುವುದು ಎಷ್ಟೋ ಸಲ ಕವಳೆಕಾಯಿ. ಬಲಿತ ಕಾಯಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಬೀಜ ತೆಗೆದು, ಬಣ್ಣ ಹಿಡಿಸಿ, ಸಕ್ಕರೆಪಾಕದಲ್ಲಿ ದಿನಗಟ್ಟಲೆ ಮುಳುಗಿಸಿಟ್ಟರೆ ಹುಳಿ ಹೋಗಿ, ಸೊನೆ ಹೋಗಿ, ಕೊನೆಗೆ ಹೆಸರೂ ಹೋಗಿ ಅದು ಚೆರಿಯಾಗುತ್ತದೆ.

ಪೂರ್ವಾಶ್ರಮದ ಹೆಸರುಗಳಿಗೇನೂ ಬರವಿಲ್ಲ. ಬಯಲುಸೀಮೆಗೆ ಕವಳೆ, ಉತ್ತರ ಕರ್ನಾಟಕಕ್ಕೆ ಕವಳಿ, ಕರಾವಳಿಗೆ ಕರಂಡೆ. ಬೇಕರಿಗೆ ಹೋಗುವುದು ದೊಡ್ಡ ಕಾಯಿಯ ಕರಿಸ್ಸಾ ಕರಂಡಾಸ್. ಅದರ ತಮ್ಮ ಕರಿಸ್ಸಾ ಸ್ಪೈನಾರಮ್ ಬಟಾಣಿ ಗಾತ್ರದ ಹಣ್ಣು ಬಿಡುವ ಒರಟು ಜೀವ, ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಒಣ ನೆಲ ಕಂಡಲ್ಲೆಲ್ಲ ಬೇರು ಬಿಟ್ಟಿದೆ. ನಮ್ಮ ಕುರುಚಲು ಕಾಡುಗಳಲ್ಲಿ ತಂಗಡಿ, ಬಂದರೆ, ಬಾರೆಯ ಜೊತೆ ಬಂಡೆಸಂದಿಗಳಲ್ಲಿ ಕೂತಿರುವುದು ಅದೇ.

ಬೇಸಿಗೆಯಲ್ಲಿ ಸುತ್ತಲಿನದೆಲ್ಲ ಒಣಗಿ ಕಡ್ಡಿಯಾಗಿದ್ದಾಗ ಕವಳೆ ಹೂ ಬಿಟ್ಟಿರುತ್ತದೆ. ಬಿಳಿ ನಕ್ಷತ್ರ, ಐದು ಎಸಳು, ಮಲ್ಲಿಗೆಯನ್ನು ನೆನಪಿಸುವ ಪರಿಮಳ. ಹತ್ತಿರ ಹೋಗಿ ಮೂಗಿಟ್ಟರೆ ಮುಳ್ಳು ಮಾತಾಡಿಸುತ್ತದೆ. ಜೋಡಿ ಜೋಡಿಯಾಗಿ ಬರುವ ಈ ಮುಳ್ಳುಗಳಲ್ಲಿ ಕೆಲವು ತುದಿಯಲ್ಲಿ ಮತ್ತೆ ಕವಲೊಡೆದಿರುತ್ತವೆ. ಹಾಗಾಗಿ ಕೈ ಒಳಗೆ ಹೋಗುವಾಗಿನ ದಾರಿ ಹೊರಗೆ ಬರುವಾಗ ಇರುವುದಿಲ್ಲ. ಕಾಯಿ ಕಿತ್ತರೆ ತೊಟ್ಟಿನಿಂದ ಹಾಲಿನಂಥ ಸೊನೆ. ಅವಸರಪಟ್ಟು ದೋರೆಗಾಯಿ ಬಾಯಿಗೆ ಹಾಕಿಕೊಂಡರೆ ತುಟಿಗೆ ತುಟಿ ಅಂಟುತ್ತದೆ. ಮೊದಲ ಮಳೆಯ ಹೊತ್ತಿಗೆ ಕಪ್ಪಗೆ ಮಾಗಿದ್ದನ್ನು ಹುಡುಕಿ ತಿಂದವರಿಗೇ ಆ ಹುಳಿಸಿಹಿ ಗೊತ್ತು.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಕವಳೆಯನ್ನೂ ಅದು ಬಿಡುವುದಿಲ್ಲ, ಆದರೆ ಸಿಗುವುದು ಹೊರಚಿಗುರಷ್ಟೇ. ಪೊದೆಯ ಒಳಗೊಂದು ಬೇರೆಯೇ ಸಂಸಾರ. ಪಿಕಳಾರದಂಥ ಹಕ್ಕಿ ಎಲ್ಲೋ ಗಂಧದ ಹಣ್ಣು ತಿಂದು ಬಂದು ಇಲ್ಲಿ ಕೂತು ಬೀಜ ಉದುರಿಸುತ್ತದೆ. ಗಂಧದ ಸಸಿಗೆ ನೆರಳು ಬೇಕು, ಕಾವಲು ಬೇಕು, ಬೇರಿಗೆ ಬೇರು ಕಚ್ಚಿ ಆಹಾರ ಹೀರಲು ನೆರೆಯ ಗಿಡವೂ ಬೇಕು. ಮುಳ್ಳುಪೊದೆಯಲ್ಲಿ ಮೂರೂ ಸಿಗುತ್ತವೆ. ಅರಣ್ಯ ಇಲಾಖೆಯವರು ಇಂಥ ಪೊದೆಗಳ ಬುಡಕ್ಕೇ ಗಂಧದ ಬೀಜ ಊರುತ್ತಿದ್ದುದು ಈ ಲೆಕ್ಕದಿಂದಲೇ. ಗುಡ್ಡ 'ಸ್ವಚ್ಛ' ಮಾಡುವವರ ಜೆಸಿಬಿಗೆ ಮೊದಲು ಸಿಗುವುದೂ ಈ ಪೊದೆಯೇ ಅನ್ನುವುದು ನನ್ನ ಹೊಟ್ಟೆಯುರಿ.

ಇದರ ಕಾವಲುಗಾರಿಕೆಯನ್ನು ಬ್ರಿಟಿಷರೂ ದುಡಿಸಿಕೊಂಡರು. ಉಪ್ಪಿನ ಸುಂಕ ತಪ್ಪಿಸಿ ಸಾಗಿಸುವವರನ್ನು ತಡೆಯಲು ಉತ್ತರ ಭಾರತದಲ್ಲಿ ನೂರಾರು ಮೈಲಿ ಜೀವಂತ ಬೇಲಿ ಬೆಳೆಸಿದ್ದರಲ್ಲ, ಬಾರೆ, ಜಾಲಿ, ಕಳ್ಳಿಗಳ ಜೊತೆ ಅದರಲ್ಲಿ ಕವಳೆಯೂ ಇತ್ತು. ಬೇಲಿಯನ್ನು ಹುರುಪಿನಿಂದ ಬಲಪಡಿಸಿದ ಅಧಿಕಾರಿ ಅಲನ್ ಆಕ್ಟೇವಿಯನ್ ಹ್ಯೂಮ್, ಮುಂದೆ 1885ರಲ್ಲಿ ಕಾಂಗ್ರೆಸ್ ಹುಟ್ಟಿಗೆ ಕಾರಣರಾದವರಲ್ಲೊಬ್ಬ. 1879ರಲ್ಲಿ ಆ ಸುಂಕದ ಗಡಿಯನ್ನೇ ಕೈಬಿಟ್ಟರು, ಬೇಲಿ ಹಾಳುಬಿತ್ತು.

ಉಪ್ಪಿಗೂ ಕವಳೆಗೂ ನಮ್ಮ ಮನೆಯಲ್ಲಿದ್ದ ನಂಟು ಬೇರೆ. ಅಮ್ಮ ಎಳೆಗಾಯಿಗಳನ್ನು ಸೊನೆ ಹೋಗುವಷ್ಟು ತೊಳೆದು, ಬಟ್ಟೆಯ ಮೇಲೆ ಹರವಿ ಆರಿಸಿ, ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಜಾಡಿಗೆ ತುಂಬುತ್ತಿದ್ದಳು. ಕಾಯಿ ಸುಕ್ಕುಗಟ್ಟಿ ನೀರು ಬಿಟ್ಟ ಮೇಲೆಯೇ ಖಾರ, ಸಾಸಿವೆ. ಒದ್ದೆ ಕೈಯಲ್ಲಿ ಜಾಡಿ ಮುಟ್ಟಿದರೆ ಬೈಗುಳ ಗ್ಯಾರಂಟಿ.

ಈಗಲೂ ಬನ್ ಕೈಗೆ ಬಂದರೆ ಮೊದಲು ಚೆರಿಯನ್ನು ಬಿಡಿಸಿ ನಾಲಗೆಯ ಮೇಲಿಡುತ್ತೇನೆ. ಬರೀ ಸಕ್ಕರೆ. ಎಲ್ಲೋ ಒಮ್ಮೆ ಮಾತ್ರ, ಬೀಜ ತೆಗೆಯುವವರ ಕಣ್ಣು ತಪ್ಪಿಸಿಕೊಂಡ ಚಪ್ಪಟೆ ಬೀಜವೊಂದು ಹಲ್ಲಿಗೆ ಸಿಗುತ್ತದೆ.