ಕುಸ್ತಿ ನೋಡಲಿಕ್ಕೆ ಕೂಡಿ ಹೋಗೋಣ, ಕೂಡಿ ಬರೋಣ



ಜಾತ್ರೆ ಅಂದರೆ ನಮ್ಮ ಕಡೆ ಏನೇನು ನೆನಪಾಗುತ್ತದೆ? ತೇರು, ಬೆಂಡು ಬತ್ತಾಸು, ಆಮೇಲೆ ಕುಸ್ತಿ. ಬೋರಾಮಣಿ, ಅಕ್ಕಲಕೋಟ, ಸೊಲ್ಲಾಪುರದ ಸುತ್ತ ಕನ್ನಡ ಮಾತಾಡುವವರಿಗೂ ಮರಾಠಿ ಮಾತಾಡುವವರಿಗೂ ಕುಸ್ತಿ ಅಂದರೆ ಭಾಳ ಪ್ರೀತಿ. ಹಲಗಿ ಸಪ್ಪಳ ಕೇಳಿದರೆ ಸಾಕು, ಕಾಲು ತಾನೇ ಆ ಕಡೆ ತಿರುಗುತ್ತದೆ.

ಊರ ಕುಸ್ತಿಗೆ ನಡೆದು ಹೋಗಬಹುದು. ದೊಡ್ಡ ಕುಸ್ತಿ ದೂರ ಇರುತ್ತದೆ. ಆಗ ಮಂದಿ ಕೂಡಿ ಗಾಡಿ ಮಾಡಿಕೊಂಡು ಹೋಗುತ್ತಾರೆ. ಹೀಗೆ ಹೋಗುವುದು ಒಳ್ಳೆಯದು. ಖರ್ಚು ಕಡಿಮೆ, ಧೈರ್ಯ ಹೆಚ್ಚು. ಆದರೆ ಒಂದು ಮಾತು. ಹೋದಷ್ಟೂ ಮಂದಿ ಸುಖವಾಗಿ ತಿರುಗಿ ಮನೆಗೆ ಬರಬೇಕು. ಅದಕ್ಕೆ ಓದು, ಬರಹ, ಲೆಕ್ಕ ಮೂರೂ ಬೇಕು. ಈಗ ಅವು ನಿಮ್ಮ ಕೈಯಲ್ಲಿವೆ. ಹೇಗೆ ಉಪಯೋಗಿಸಬೇಕು, ನೋಡೋಣ.

ಎಲ್ಲಿ, ಏನು ನೋಡಬಹುದು?

ಕೊಲ್ಲಾಪುರದಲ್ಲಿ ಖಾಸಬಾಗ ಎಂಬ ಕುಸ್ತಿ ಮೈದಾನ ಇದೆ. ಶಾಹು ಮಹಾರಾಜರು ಇದನ್ನು ಕಟ್ಟಿಸಿದರು. 1912ರಲ್ಲಿ ಇದು ತೆರೆಯಿತು. ಮೈದಾನ ದೊಡ್ಡ ಬಟ್ಟಲಿನ ಹಾಗಿದೆ. ನಡುವೆ ಕೆಳಗೆ ಕೆಂಪು ಮಣ್ಣಿನ ಕಣ. ಸುತ್ತಲೂ ಏರುತ್ತಾ ಹೋಗುವ ಕೂಡುವ ಜಾಗ. ಆದ್ದರಿಂದ ಹಿಂದೆ ಕೂತವರಿಗೂ ಕುಸ್ತಿ ಕಾಣುತ್ತದೆ.

ಇನ್ನೊಂದು ದೊಡ್ಡ ಕುಸ್ತಿ ಮಹಾರಾಷ್ಟ್ರ ಕೇಸರಿ. ಇದು 1961ರಲ್ಲಿ ಸುರುವಾಯಿತು. ಗೆದ್ದವರಿಗೆ ಬೆಳ್ಳಿ ಗದೆ ಕೊಡುತ್ತಾರೆ. ಇದರಲ್ಲಿ ಎರಡು ಭಾಗ. ಒಂದು ಮಣ್ಣಿನ ಕುಸ್ತಿ. ಇನ್ನೊಂದು ಗಾದಿಯ ಮೇಲಿನ ಕುಸ್ತಿ. ಎರಡೂ ಕಡೆ ಗೆದ್ದವರು ಕೊನೆಗೆ ಒಬ್ಬರ ಮೇಲೊಬ್ಬರು ಆಡುತ್ತಾರೆ. ನಮ್ಮ ಸೊಲ್ಲಾಪುರ ಜಿಲ್ಲೆಗೂ ಈ ಗದೆ ಬಂದಿದೆ. 2018ರಲ್ಲಿ ಜಾಲನಾದಲ್ಲಿ ಕರಮಾಳಾ ತಾಲೂಕಿನ ಬಾಲಾ ರಫೀಕ್ ಶೇಖ್ ಗೆದ್ದರು. 2023ರ ನವೆಂಬರಿನಲ್ಲಿ ಪುಣೆಯ ಹತ್ತಿರ ಫುಲಗಾಂವದಲ್ಲಿ ಮೋಹೋಳದ ಸಿಕಂದರ್ ಶೇಖ್ ಗೆದ್ದರು. ಆ ಕೊನೆಯ ಕುಸ್ತಿ ಒಂದು ನಿಮಿಷ ಕೂಡ ನಡೆಯಲಿಲ್ಲ! ಚಹಾ ಕುಡಿಯಲು ಎದ್ದು ಹೋದವರಿಗೆ ಏನು ಕಂಡೀತು? ಅದಕ್ಕೇ ಹೊತ್ತಿಗೆ ಸರಿಯಾಗಿ ಹೋಗಿ ಕೂಡಬೇಕು.

"ಕುಸ್ತಿ ಗಂಡಸರದು, ಹೆಂಗಸರಿಗೆ ಅಲ್ಲೇನು ಕೆಲಸ?" ಅಂತ ಕೆಲವರು ಕೇಳುತ್ತಾರೆ. 2023ರಲ್ಲಿ ಸಾಂಗಲಿಯಲ್ಲಿ ಮೊದಲ ಮಹಿಳಾ ಮಹಾರಾಷ್ಟ್ರ ಕೇಸರಿ ನಡೆಯಿತು. ಸಾಂಗಲಿಯ ಪ್ರತೀಕ್ಷಾ ಬಾಗಡಿ ಗೆದ್ದರು. ಹೆಣ್ಣುಮಕ್ಕಳು ಕಣಕ್ಕೆ ಇಳಿದಿದ್ದಾರೆ ಅಂದ ಮೇಲೆ ನೋಡಲಿಕ್ಕೆ ಹೋಗಬಾರದೇನು?

ಕ್ರಿಕೆಟ್ ನೋಡುವವರಿಗೆ ಸೊಲ್ಲಾಪುರವೇ ಹತ್ತಿರ. 2024ರ ಜನವರಿಯಲ್ಲಿ ಸೊಲ್ಲಾಪುರದ ಪಾರ್ಕ್ ಸ್ಟೇಡಿಯಂನಲ್ಲಿ ಮಹಾರಾಷ್ಟ್ರ ಮತ್ತು ಮಣಿಪುರ ತಂಡಗಳ ರಣಜಿ ಪಂದ್ಯ ನಡೆಯಿತು. ದೂರ ಹೋಗುವ ಅಭಿಮಾನಿಗಳೂ ಇದ್ದಾರೆ. 2018ರಲ್ಲಿ ಚೆನ್ನೈ ತಂಡದ ಪಂದ್ಯಗಳನ್ನು ಪುಣೆಗೆ ಬದಲಿಸಿದರು. ಆಗ ಸುಮಾರು ಒಂದು ಸಾವಿರ ಅಭಿಮಾನಿಗಳು ಚೆನ್ನೈನಿಂದ ಪುಣೆಗೆ ವಿಶೇಷ ರೈಲಿನಲ್ಲಿ ಕೂಡಿ ಬಂದರು!

ಮೊದಲು ಹೆಸರಿನ ಪಟ್ಟಿ

ಒಂದು ವಹಿ ತೆಗೆದುಕೊಳ್ಳಿ. ಅದರಲ್ಲಿ ಐದು ಕಾಲಂ ಗೆರೆ ಹಾಕಿ. ಕ್ರಮ ಸಂಖ್ಯೆ, ಹೆಸರು, ವಯಸ್ಸು, ಮನೆಯವರ ಫೋನ್ ನಂಬರು, ಕೊಟ್ಟ ರೊಕ್ಕ. ಹೋಗುವ ಪ್ರತಿಯೊಬ್ಬರೂ ತಮ್ಮ ಹೆಸರನ್ನು ತಾವೇ ಬರೆಯಲಿ. ಸಕ್ಕರೆ ರೋಗ, ರಕ್ತದೊತ್ತಡ ಇದ್ದವರ ಹೆಸರಿನ ಮುಂದೆ ಗುರುತು ಹಾಕಿ. ಅವರು ಗುಳಿಗೆ ತಂದಿದ್ದಾರೆಯೇ ಅಂತ ಹೊರಡುವಾಗ ಕೇಳಿ.

ಈ ಪಟ್ಟಿಯ ಎರಡು ಪ್ರತಿ ಮಾಡಿ. ಒಂದು ನಿಮ್ಮ ಜತೆ ಇರಲಿ. ಇನ್ನೊಂದು ಊರಲ್ಲಿ ಉಳಿದವರ ಹತ್ತಿರ ಇರಲಿ. ಅದರ ಮೇಲೆ ಗಾಡಿಯ ನಂಬರು, ಡ್ರೈವರನ ಫೋನ್ ನಂಬರು ಬರೆಯಿರಿ. ಫೋನಿನ ಚಾರ್ಜು ಮುಗಿಯಬಹುದು. ಕಾಗದದ ಚಾರ್ಜು ಮುಗಿಯುವುದಿಲ್ಲ.

ಇಬ್ಬಿಬ್ಬರ ಜೋಡಿ ಮಾಡಿ. "ನನ್ನ ಜೋಡಿ ಎಲ್ಲಿ?" ಅಂತ ಪ್ರತಿಯೊಬ್ಬರೂ ನೋಡಿಕೊಳ್ಳಬೇಕು. ಗಾಡಿ ನಿಂತಲ್ಲೆಲ್ಲ ಹೊರಡುವ ಮೊದಲು ಪಟ್ಟಿ ಹಿಡಿದು ಹೆಸರು ಕರೆಯಿರಿ. "ಎಲ್ಲಾರೂ ಬಂದ್ರೇನ್ರೀ?" ಅಂತ ಒಂದು ಸಲ ಕೂಗಿದರೆ ಸಾಲದು. ಬಂದವರು "ಹೂಂ" ಅನ್ನುತ್ತಾರೆ. ಬಾರದವರು ಹೇಗೆ ಉತ್ತರ ಕೊಟ್ಟಾರು?

ರೊಕ್ಕದ ಲೆಕ್ಕ

ಗಾಡಿ ಬಾಡಿಗೆ 14,000 ರೂಪಾಯಿ ಅಂತ ಹಿಡಿಯೋಣ. 40 ಮಂದಿ ಹೋದರೆ ತಲೆಗೆ ಎಷ್ಟು?

14,000 ÷ 40 = 350 ರೂಪಾಯಿ.

ಹೊರಡುವ ದಿನ ಐದು ಮಂದಿ "ನಾವು ಬರೋದಿಲ್ಲ" ಅಂದರು. ಈಗ?

14,000 ÷ 35 = 400 ರೂಪಾಯಿ.

ಬಾರದವರಿಂದ ಬಂದವರಿಗೆ 50 ರೂಪಾಯಿ ಹೆಚ್ಚು ಬಿತ್ತು. ಜಗಳ ಇಲ್ಲಿಂದಲೇ ಸುರುವಾಗುತ್ತದೆ. ಆದ್ದರಿಂದ ಮೊದಲೇ ಎಲ್ಲರ ಮುಂದೆ ಮಾತಾಡಿ ನಿಯಮ ಬರೆಯಿರಿ. ಮುಂಗಡ ಎಷ್ಟು? ಯಾವ ದಿನದ ಒಳಗೆ ಬೇಡ ಅಂದರೆ ತಿರುಗಿ ಕೊಡುವುದು? ಬಾಡಿಗೆಯಲ್ಲಿ ಟೋಲ್ ಸೇರಿದೆಯೋ ಇಲ್ಲವೋ? ಡ್ರೈವರನ ಊಟ ಯಾರದು? ರೊಕ್ಕ ಕೊಟ್ಟ ಮೇಲೆ ರಸೀದಿ ಕೇಳಿ. ರಸೀದಿಯಲ್ಲಿ ತಾರೀಖು, ಮೊತ್ತ, ಸಹಿ ಓದಿ ನೋಡಿ.

ಯಾವ ಗಾಡಿಯಲ್ಲಿ ಹೋಗಬೇಕು?

ಟ್ರ್ಯಾಕ್ಟರ್ ಟ್ರಾಲಿ, ಟೆಂಪೊ, ಲಾರಿ ಅಗ್ಗಕ್ಕೆ ಸಿಗುತ್ತವೆ. ಆದರೆ ಇವು ಮಾಲು ಸಾಗಿಸುವ ಗಾಡಿಗಳು. ಮಂದಿಯನ್ನು ತುಂಬಿಕೊಂಡು ಹೋಗುವುದು ಕಾಯಿದೆಗೆ ವಿರುದ್ಧ. ಇಂಥ ಗಾಡಿ ಪಲ್ಟಿಯಾದರೆ ಹಿಂದೆ ಕೂತವರಿಗೆ ಹಿಡಿಯಲು ಏನೂ ಇರುವುದಿಲ್ಲ. ಗಾಡಿಗೆ ವಿಮೆ ಇದ್ದರೂ ಹಿಂದೆ ಕೂತ ಮಂದಿಗೆ ಸಾಮಾನ್ಯವಾಗಿ ಪರಿಹಾರ ದೊರೆಯುವುದಿಲ್ಲ. ದುಡಿಯುವ ಮನುಷ್ಯ ಹೋದರೆ ಮನೆಯವರ ಗತಿ ಏನು? ನೂರು ರೂಪಾಯಿ ಉಳಿಸಲು ಹೋಗಿ ಇಷ್ಟು ದೊಡ್ಡ ಗಂಡಾಂತರ ಬೇಡ.

ಬಾಡಿಗೆಗೆ ಓಡುವ ಗಾಡಿಯ ನಂಬರ್ ಪ್ಲೇಟು ಹಳದಿ. ಅದರ ಮೇಲೆ ಕಪ್ಪು ಅಕ್ಷರ. ಸ್ವಂತ ಗಾಡಿಯದು ಬಿಳಿ. ಎಂ.ಎಚ್. 13 ಅಂದರೆ ಸೊಲ್ಲಾಪುರದ ಗಾಡಿ. ಕೆ.ಎ. 28 ಅಂದರೆ ವಿಜಯಪುರದ್ದು. ಕೆ.ಎ. 32 ಅಂದರೆ ಕಲಬುರಗಿಯದು. ಗಾಡಿ ರಾಜ್ಯದ ಗಡಿ ದಾಟುವುದಿದ್ದರೆ "ಅದಕ್ಕೆ ಪರವಾನಗಿ ಐತೇನ್ರೀ?" ಅಂತ ಮೊದಲೇ ಕೇಳಿ.

ಎಸ್.ಟಿ. ಗಾಡಿಯನ್ನೂ ಗುಂಪಿಗಾಗಿ ಬಾಡಿಗೆಗೆ ಪಡೆಯಬಹುದು. ಮರಾಠಿಯಲ್ಲಿ ಇದಕ್ಕೆ "ಪ್ರಾಸಂಗಿಕ ಕರಾರ" ಅನ್ನುತ್ತಾರೆ. ಡಿಪೋದಲ್ಲಿ ವಿಚಾರಿಸಿ. ಗುಂಪಿನಲ್ಲಿ ಹೆಂಗಸರು, ಮುದುಕರು ಹೆಚ್ಚಿದ್ದರೆ ದಿನಾ ಓಡುವ ಎಸ್.ಟಿ.ಯೇ ಅಗ್ಗವಾದೀತು. ಅದರಲ್ಲಿ ಹೆಂಗಸರಿಗೆ ಅರ್ಧ ತಿಕೀಟು ಮಾರ್ಚ್ 2023ರಲ್ಲಿ ಸುರುವಾಯಿತು. 75 ವರ್ಷ ದಾಟಿದವರಿಗೆ ಪುಕ್ಕಟೆ ಪ್ರಯಾಣ 2022ರಲ್ಲಿ ಸುರುವಾಯಿತು. ಆಧಾರ್ ಕಾರ್ಡು ಜತೆಗಿರಲಿ. ಈ ರಿಯಾಯಿತಿ ಮಹಾರಾಷ್ಟ್ರದ ಗಡಿಯವರೆಗೆ ಮಾತ್ರ. ಕರ್ನಾಟಕದ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಇದೆ ಅಂತ ಕೇಳಿರಬಹುದು. ಅದು ಕರ್ನಾಟಕದಲ್ಲಿ ವಾಸ ಮಾಡುವ ಹೆಂಗಸರಿಗೆ. ನಮ್ಮ ಮಾತು ಕನ್ನಡ ಆದರೂ ನಮ್ಮ ವಿಳಾಸ ಮಹಾರಾಷ್ಟ್ರದ್ದು. ಆದ್ದರಿಂದ ಅಲ್ಲಿ ನಾವು ತಿಕೀಟು ತೆಗೆಸಬೇಕು.

ಕುಸ್ತಿ ಮುಗಿಯುವಾಗ ರಾತ್ರಿ ಆಗುತ್ತದೆ. ನಾವು ಕುಸ್ತಿ ನೋಡುವಾಗ ಡ್ರೈವರ್ ಮಲಗಿ ವಿಶ್ರಾಂತಿ ತೆಗೆದುಕೊಳ್ಳಲಿ. ಬೆಳಗಿನ ಜಾವ ನಿದ್ದೆ ಒತ್ತಿ ಬರುತ್ತದೆ. ಆಗ ಅವನ ಹತ್ತಿರ ಒಬ್ಬರು ಎಚ್ಚರ ಕೂಡಬೇಕು. ಕಣ್ಣು ಎಳೆದರೆ ಗಾಡಿ ನಿಲ್ಲಿಸಿ. "ಜಲ್ದಿ ಹೊಡಿಯಪ್ಪಾ" ಅಂತ ಯಾರೂ ಅವಸರ ಮಾಡಬೇಡಿ.

ಬೋರ್ಡು ಓದೋಣ

ಅಲ್ಲಿ ಬೋರ್ಡು ಮರಾಠಿಯಲ್ಲಿ ಇರುತ್ತದೆ. ಹೆದರಬೇಡಿ. ಅಕ್ಷರ ಬೇರೆ, ಆದರೆ ಎಷ್ಟೋ ಶಬ್ದ ಒಂದೇ. ಪ್ರವೇಶ, ಮಹಿಳಾ, ಪುರುಷ, ಆಸನ ಕ್ರಮಾಂಕ. ಇವು ಕನ್ನಡದಲ್ಲೂ ಇವೆ. "ಬಾಹೇರ್ ಜಾಣ್ಯಾಚಾ ಮಾರ್ಗ" ಅಂದರೆ ಹೊರಗೆ ಹೋಗುವ ದಾರಿ. "ಪಿಣ್ಯಾಚೆ ಪಾಣಿ" ಅಂದರೆ ಕುಡಿಯುವ ನೀರು. ಮರಾಠಿ ಓದಲು ಬರುವವರು ಗುಂಪಿನಲ್ಲಿ ಒಬ್ಬರಾದರೂ ಇರಲಿ.

ತಿಕೀಟು ಇದ್ದರೆ ನಾಲ್ಕು ಸಂಗತಿ ನೋಡಿ. ತಾರೀಖು, ಹೊತ್ತು, ಗೇಟಿನ ನಂಬರು, ಕುರ್ಚಿಯ ನಂಬರು. ಗುರುತಿಲ್ಲದವರು ಗೇಟಿನ ಹತ್ತಿರ ಮಾರುವ ತಿಕೀಟು ಕೊಳ್ಳಬೇಡಿ. ಅದು ಖೊಟ್ಟಿ ಇರಬಹುದು.

ಗದ್ದಲದಲ್ಲಿ ಜೀವ ಕಾಯುವುದು

ಇದು ಎಲ್ಲಕ್ಕಿಂತ ಮುಖ್ಯ ಮಾತು. 3 ಜೂನ್ 2025ರಂದು ಬೆಂಗಳೂರು ತಂಡ ಮೊದಲ ಸಲ ಐ.ಪಿ.ಎಲ್. ಕಪ್ ಗೆದ್ದಿತು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂಗೆ ಲಕ್ಷಗಟ್ಟಲೆ ಮಂದಿ ಬಂದರು. ಒಳಗೆ ಸುಮಾರು 35,000 ಮಂದಿಗೆ ಮಾತ್ರ ಜಾಗ. ಗೇಟುಗಳ ಹತ್ತಿರ ನೂಕುನುಗ್ಗಲು ಆಯಿತು. 11 ಮಂದಿ ಸತ್ತರು. ಸಂತೋಷ ಪಡಲು ಬಂದವರು ಅವರು.

ನೂಕುನುಗ್ಗಲಿನಲ್ಲಿ ಜೀವ ಹೇಗೆ ಹೋಗುತ್ತದೆ? ತುಳಿತದಿಂದ ಮಾತ್ರ ಅಲ್ಲ. ಸುತ್ತಲಿನ ಮಂದಿ ಒತ್ತಿದಾಗ ಎದೆ ಅಲುಗಾಡುವುದಿಲ್ಲ. ಉಸಿರು ಒಳಗೆ ಹೋಗುವುದಿಲ್ಲ. ನಿಂತಲ್ಲೇ ಜೀವ ಹೋಗಬಹುದು. ಹಿಂದೆ ನೂಕುವವರಿಗೆ ಮುಂದೆ ಏನಾಗಿದೆ ಅಂತ ಕಾಣುವುದಿಲ್ಲ. ಆದ್ದರಿಂದ ಈ ಮಾತು ನೆನಪಿಡಿ:

1. ತಿಕೀಟು ಇಲ್ಲದಿದ್ದರೆ ಗೇಟಿನ ಹತ್ತಿರ ಹೋಗಬೇಡಿ.

2. ಹೊತ್ತಿಗೆ ಮೊದಲು ಹೋಗಿ. ಮುಗಿದ ಮೇಲೆ ಅವಸರ ಮಾಡಬೇಡಿ. ಗದ್ದಲ ಇಳಿದ ಮೇಲೆ ಏಳಿ.

3. ಒಳಗೆ ಹೋದ ಕೂಡಲೇ ಹೊರಗೆ ಹೋಗುವ ದಾರಿ ಎಲ್ಲಿದೆ ನೋಡಿ.

4. ಮಂದಿ ಒತ್ತಲು ಸುರು ಮಾಡಿದರೆ ಎರಡೂ ಕೈ ಮಡಚಿ ಎದೆಯ ಮುಂದೆ ಹಿಡಿಯಿರಿ. ಉಸಿರಾಡಲು ಜಾಗ ಉಳಿಯುತ್ತದೆ. ಎದುರು ನೂಕಬೇಡಿ. ಓರೆಯಾಗಿ ಸ್ವಲ್ಪ ಸ್ವಲ್ಪ ಅಂಚಿಗೆ ಸರಿಯಿರಿ.

5. ಚಪ್ಪಲಿ, ಫೋನು ಬಿದ್ದರೆ ಬಗ್ಗಬೇಡಿ. ಹೋದರೆ ಹೋಗಲಿ. ಪಕ್ಕದವರು ಬಿದ್ದರೆ ಕೂಡಲೇ ಎಬ್ಬಿಸಿ.

6. ಮಕ್ಕಳ ಕಿಸೆಯಲ್ಲಿ ಹೆಸರು, ಊರು, ಫೋನ್ ನಂಬರು ಬರೆದ ಚೀಟಿ ಇಡಿ.

7. ತಪ್ಪಿಸಿಕೊಂಡರೆ ಎಲ್ಲಿ ಕೂಡಬೇಕು? ಒಂದು ಜಾಗ ಮೊದಲೇ ಗೊತ್ತು ಮಾಡಿ. ಗೇಟಿನ ಹತ್ತಿರ ಬೇಡ, ಗದ್ದಲದಿಂದ ದೂರ ಇರಲಿ.

ತುರ್ತು ಸಹಾಯಕ್ಕೆ 112, ಅಂಬುಲೆನ್ಸಿಗೆ 108. ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆ ಇವೇ ನಂಬರು.

ನೋಡುವವರ ನಡತೆ

ನಮ್ಮ ಪೈಲ್ವಾನ ಗೆದ್ದರೆ ಚಪ್ಪಾಳೆ ಹೊಡೆಯೋಣ. ಸೋತರೆ? ಸೋತವನೂ ಯಾರದೋ ಮನೆಯ ಮಗ. ಹಾಲು, ತುಪ್ಪ, ಬದಾಮಿಗೆ ಮನೆಯವರು ಎಷ್ಟು ಖರ್ಚು ಮಾಡಿರುತ್ತಾರೋ. ಅವನಿಗೂ ಚಪ್ಪಾಳೆ ಬೇಕು. 2025ರಲ್ಲಿ ಅಹಿಲ್ಯಾನಗರದ ಮಹಾರಾಷ್ಟ್ರ ಕೇಸರಿಯಲ್ಲಿ ಪಂಚರ ತೀರ್ಪಿನ ಮೇಲೆ ಜಗಳ ಆಯಿತು. ಇಬ್ಬರು ಪೈಲ್ವಾನರಿಗೆ ಮೂರು ವರ್ಷ ಆಡಬಾರದು ಅಂತ ಶಿಕ್ಷೆ ಹಾಕಿದರು. ಇಂಥ ಹೊತ್ತಿನಲ್ಲಿ ನೋಡುವವರೂ ಕಣಕ್ಕೆ ನುಗ್ಗಿದರೆ ಏನಾದೀತು, ಯೋಚಿಸಿ. ಕುಡಿದು ಬರುವವರನ್ನು ಗಾಡಿಗೆ ಹತ್ತಿಸಬೇಡಿ. ಇದನ್ನೂ ನಿಯಮದಲ್ಲಿ ಬರೆಯಿರಿ.

ಖಡಕ್ ರೊಟ್ಟಿ, ಸೇಂಗಾ ಚಟ್ನಿ, ನೀರು ಕಟ್ಟಿಕೊಳ್ಳಿ. ತಿಂದ ಕಾಗದ, ಬಾಟಲಿ ಮೈದಾನದಲ್ಲಿ ಒಗೆಯಬೇಡಿ. ಕೊನೆಗೆ ಊರು ಮುಟ್ಟಿದ ಮೇಲೆ ಇನ್ನೊಂದು ಸಲ ಪಟ್ಟಿ ಓದಿ. ಉಳಿದ ರೊಕ್ಕದ ಲೆಕ್ಕ ಎಲ್ಲರಿಗೂ ಹೇಳಿ. ಆಮೇಲೆ ವಹಿ ಮುಚ್ಚಿ.

ಓದಿ, ಮಾತಾಡಿ, ಬರೆಯಿರಿ

1. ಗಾಡಿ ಬಾಡಿಗೆ 9,000 ರೂಪಾಯಿ. 30 ಮಂದಿ ಹೋದರೆ ತಲೆಗೆ ಎಷ್ಟು? 25 ಮಂದಿ ಹೋದರೆ ಎಷ್ಟು?

2. ಮಾಲು ಸಾಗಿಸುವ ಗಾಡಿಯಲ್ಲಿ ಏಕೆ ಹೋಗಬಾರದು? ಎರಡು ಕಾರಣ ಬರೆಯಿರಿ.

3. ಮಂದಿ ಒತ್ತುವಾಗ ಕೈ ಹೇಗೆ ಹಿಡಿಯಬೇಕು? ಎದ್ದು ನಿಂತು ಮಾಡಿ ತೋರಿಸಿ.

4. ನಿಮ್ಮ ಓಣಿಯ ಹತ್ತು ಮಂದಿ ಕುಸ್ತಿ ನೋಡಲು ಹೊರಟಿದ್ದಾರೆ. ಐದು ಕಾಲಂ ಹಾಕಿ ಅವರ ಪಟ್ಟಿ ಮಾಡಿ.